ಹೊಳಿ ದಾಟೂತನಕ

ಮುಧೋಳ ಬಸ್ ಸ್ಟ್ಯಾಂಡಿನಲ್ಲಿ ಬೀಳಗಿ ಬಸ್ಸಿಗೆ ಕಾಯುತ್ತಿದ್ದೆ. ಉರಿಬಿಸಿಲು. ಪಕ್ಕದ ಬೆಂಚಿನಲ್ಲಿ ಗಂಡ ಹೆಂಡತಿ, ನಡುವೆ ಮುಚ್ಚಳ ತೆಗೆಯದ ನೀರಿನ ಬಾಟ್ಲಿ.

"ಒಂದ ಗುಟುಕರೆ ಕುಡಿ, ತಂಗೆವ್ವಾ," ಎಂದು ಗಂಡ ಹೆಂಡತಿಯ ಹೆಸರು ಹಿಡಿದು ಹೇಳಿದ.

"ಮಗಳು ಸಮುದ್ರ ದಾಟಿ ಇಳಿಯೂತನಕ ಒಲ್ಲೆರಿ. ನೀವು ಕುರಿ ಹೊಡ್ಕೊಂಡು ಹೊಳಿ ದಾಟುವಾಗ ನಾ ಯಾವತ್ತರೆ ನೀರ ಮುಟ್ಟೇನೇನು?"

"ಅದು ಹೊಳಿ, ಇದು ವಿಮಾನ. ಆಮ್‌ಸ್ಟರ್‌ಡ್ಯಾಮಿಂದ ಓಸ್ಲೋಕ್ಕ ಸಾವಿರ ಕಿಲೋಮೀಟರಿನ ಒಳಗ ಐತಿ. ಎರಡ ತಾಸಿನ ದಾರಿ."

"ವಿಮಾನ ಬಿಟ್ಟು ಎಷ್ಟ ತಾಸಾತ್ರಿ?"

"ಮೂರಾಗಿರಬೇಕು."

"ಮತ್ತ ಫೋನ್ ಯಾಕ ಬರಲಿಲ್ಲ?"

"ಕಂಬಳಿ ಗಂಟು ಇಳಿಸ್ಕೋಬೇಕಲ್ಲ. ಕಂಬಳಿ ಪ್ರದರ್ಶನಕ್ಕ ಹೋದಾಕಿ ಬರಿಗೈಲೆ ಹೋಗ್ಯಾಳೇನು?"

"ನಿಮಗ ಅಂಜಿಕಿ ಇಲ್ಲೇನ್ರಿ?"

"ಅಂಜೂದೇನೈತಿ ಇದರಾಗ?"

ಅವನು ಮತ್ತೆ ಮೊಬೈಲ್ ತೆಗೆದ. ಪರದೆ ನನಗೂ ಕಂಡಿತು. ಏನೂ ಬಂದಿರಲಿಲ್ಲ.

"ನೋಡು, ಮೆಸೇಜ್ ಬಂತು. ಛಲೋತ್ನಾಗಿ ಇಳದಾಳಂತ. ಇನ್ನರೆ ಕುಡಿ."

ಅವಳು ಮುಚ್ಚಳ ತೆಗೆದು ಬಾಟ್ಲಿಯನ್ನು ಅವನ ಕೈಗೇ ಕೊಟ್ಟಳು.

"ನೀವೂ ಮುಂಜಾನಿಂದ ಕುಡದಿಲ್ಲ. ಮೊದಲ ನೀವ ಕುಡೀರಿ."

ಅಷ್ಟರಲ್ಲಿ ಬಸ್ ಬಂತು. ಅವನು ಬಾಟ್ಲಿಗೆ ಮುಚ್ಚಳ ಬಿಗಿದು, ಒಂದು ಹನಿಯೂ ಕುಡಿಯದೆ, ಅವಳ ಹಿಂದೆ ಬಸ್ ಹತ್ತಿದ.