ಮರ್ಸಿಡಿಸ್ ಯಾರ ಹೆಸರು?

ಅಧ್ಯಕ್ಷ ಸ್ಥಾನದಲ್ಲಿರುವ ಹಿರಿಯ ವೈದ್ಯರೇ, ವೇದಿಕೆ ಮೇಲಿನ ಅತಿಥಿಗಳೇ, ಕಳೆದುಹೋದ ಮಾತನ್ನು ಇಲ್ಲಿ ಮರಳಿ ಕಲಿಯುತ್ತಿರುವವರೇ, ಅವರ ಮನೆಯವರಾದ ನನ್ನಂಥ ಸಭಿಕರೇ,

ಈ ಚಿಕಿತ್ಸಾಲಯದ ವಾರ್ಷಿಕೋತ್ಸವದಲ್ಲಿ ನನ್ನನ್ನು ಮಾತಿಗೆ ನಿಲ್ಲಿಸಿದ್ದೀರಿ. ನಮ್ಮ ಯಜಮಾನರನ್ನು ಕಟ್ಟಿಕೊಂಡ ಮೇಲೆ ನನಗೆ ಮಾತಾಡುವ ಸರದಿ ಸಿಕ್ಕಿದ್ದೇ ಅಪರೂಪ. ಅವರು ಕಾರು ಮೆಕ್ಯಾನಿಕ್. ಬಾನೆಟ್ ತೆರೆದರೆ ಸಾಕು, ಬಾಯಿಯೂ ತೆರೆಯುತ್ತಿತ್ತು. ಗಿರಾಕಿಗೆ ಬ್ರೇಕಿನ ಚಿಂತೆಯಾದರೆ ಇವರಿಗೆ ಕಂಪನಿಯ ಹೆಸರು ಎಲ್ಲಿಂದ ಬಂತೆಂಬ ಚಿಂತೆ. ಊಟಕ್ಕೆ ಕೂತರೂ ಅದೇ. "ಸುಬಾರು ಅಂದ್ರೆ ಏನ್ ಗೊತ್ತಾ? ನಮ್ಮ ಕೃತ್ತಿಕಾ ನಕ್ಷತ್ರ ಕಣೇ!" ಎನ್ನುವರು. "ನಕ್ಷತ್ರ ಎಲ್ಲೂ ಹೋಗಲ್ಲ, ಊಟ ಆರಿಹೋಗತ್ತೆ" ಎನ್ನುತ್ತಿದ್ದೆ ನಾನು.

ಅಂಥ ಬಾಯಿ ಒಂದು ಬೆಳಿಗ್ಗೆ ಕಟ್ಟಿಹೋಯಿತು. ಮಿದುಳಿನಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಕೈಕಾಲು ನಿಧಾನವಾಗಿ ಸರಿಹೋದವು, ಮಾತು ಬರಲಿಲ್ಲ. ಮಾತು ಕಲಿಸುವ ಮೇಡಂ ಸೇಬು, ಬೆಕ್ಕು, ಕೊಡೆಯ ಚಿತ್ರ ತೋರಿಸುವರು. ಇವರು ಗೋಡೆ ನೋಡುವರು. ಇನ್ನು ಈ ಜನ್ಮಕ್ಕೆ ಇಷ್ಟೇ ಎಂದು ನಾನು ಬಚ್ಚಲಿನಲ್ಲಿ ನಲ್ಲಿ ತಿರುಗಿಸಿಟ್ಟು ಅತ್ತಿದ್ದೇನೆ.

ಕೊನೆಗೆ ಮೇಡಂ, "ಅವರಿಗೆ ಇಷ್ಟವಾದದ್ದು ಏನಾದ್ರೂ ತನ್ನಿ" ಎಂದರು. ಗ್ಯಾರೇಜಿನಿಂದ ಕಾರಿನ ಮೂತಿಗೆ ಕೂರಿಸುವ ಲಾಂಛನವೊಂದನ್ನು ತಂದೆ, ಮೂರು ಮೊನೆಯ ನಕ್ಷತ್ರ. "ಮರ್ಸಿಡಿಸ್ ಅಲ್ವಾ ಇದು? ಯಾರೋ ಸಾಹುಕಾರ ಹೆಂಡ್ತಿ ಹೆಸರು ಇಡಿಸಿದ್ನಂತಲ್ಲ" ಎಂದೆ. ನನಗೆ ನೆನಪಿದ್ದದ್ದೇ ಅಷ್ಟು. ಅವರ ಮುಖ ಕೆಂಪಾಯಿತು. ಗಂಟಲು ಗೊರಗೊರ ಎಂದಿತು.

"ಹೆಂಡ್ತಿ ಅಲ್ಲ... ಮಗ್ಳು!"

ಸಭಿಕರೇ, ಗಂಡನ ಕೈಲಿ ಬೈಸಿಕೊಂಡು ಇಷ್ಟು ಸಂತೋಷಪಟ್ಟ ಹೆಂಗಸು ಇನ್ನೊಬ್ಬಳಿದ್ದಾಳೆಯೇ? ಮೇಡಂ ಅತ್ತರು, ನಾನೂ ಅತ್ತೆ. ಇವರು ಮಾತ್ರ ನಾನು ತಪ್ಪೊಪ್ಪಿಕೊಳ್ಳಲಿ ಎಂದು ಕಾಯುತ್ತ ಕೂತಿದ್ದರು.

ಅಂದಿನಿಂದ ದಿನವೂ ಬೇಕೆಂದೇ ತಪ್ಪು ಹೇಳಿದೆ. ಆಡಿ ಕಾರಿನ ಹೆಸರಿಗೆ 'ಓಡು' ಎಂದು ಅರ್ಥ ಹೇಳಿದೆ, "ಅಲ್ಲ, 'ಕೇಳು'!" ಎಂದು ಗದರಿದರು. ಹ್ಯುಂಡೈ ಅಂದರೆ 'ಹಳೇ ಕಾಲ' ಎಂದೆ, "ಹೊಸ ಕಾಲ!" ಎಂದು ಮೇಜು ಕುಟ್ಟಿದರು. ಒಂದೊಂದು ತಪ್ಪಿಗೂ ಒಂದೊಂದು ಮಾತು ಹೊರಬಂತು. ಈಗ ವಾಕ್ಯಗಳೇ ಬರುತ್ತಿವೆ. ವೋಲ್ವೊ ಅಂದರೆ ಗ್ರೀಕ್ ಭಾಷೆಯಲ್ಲಿ 'ನಾನು ಉರುಳುತ್ತೇನೆ' ಎಂದು ಮೊನ್ನೆ ಪೂರ್ತಿಯಾಗಿ...

ಅಯ್ಯೋ, ಮೊದಲ ಸಾಲಿನಲ್ಲಿ ಕೈ ಎದ್ದಿದೆ ನೋಡಿ. ಗ್ರೀಕ್ ಅಲ್ಲವಂತೆ, ಲ್ಯಾಟಿನ್ನಂತೆ. ಈ ಸಲ ಬೇಕೆಂದು ಹೇಳಿದ್ದಲ್ಲ, ನಿಜವಾಗಿಯೂ ಮರೆತೆ. ಎದ್ದೇ ನಿಂತರಲ್ಲ! ಇನ್ನು ಅವರನ್ನು ಕೂರಿಸುವುದು ನನ್ನ ಕೈಲಾಗದು, ಕೂರಿಸುವ ಮನಸ್ಸೂ ಇಲ್ಲ. ಮೇಡಂಗೆ, ನಿಮಗೆಲ್ಲರಿಗೂ ನನ್ನ ಕೃತಜ್ಞತೆಗಳು. ಯಾರಾದರೂ ಈ ಮೈಕನ್ನು ಅವರ ಕೈಗೆ ಕೊಡಿ. ನಮಸ್ಕಾರ.