ಕ್ಯಾಮೆರಾಗೆ ಬಿಳಿ ತೋರಿಸಿದ ಪಂಚೆ

ಪಾಂಡವಪುರದ ಹಿರಿಯರೇ, ವಿಡಿಯೋ ಹಿಡಿಯುವ ಗೆಳೆಯರೇ, ಮುಂದೆ ಕೂತಿರುವ ಜಯಕುಮಾರನ ತಾಯಿ ಜಯಲಕ್ಷ್ಮಮ್ಮನವರೇ, ಮಗಳೇ ಪುಷ್ಪ — ಎಲ್ಲರಿಗೂ, ಅವನ ಜೊತೆ ಲೈಟು ಹಿಡಿಯುತ್ತಿದ್ದ ಈ ದ್ಯಾವಯ್ಯನ ನಮಸ್ಕಾರ. ಪುಷ್ಪ, ನಿನ್ನ ಗಂಡ, ನಮ್ಮ ಜಯಕುಮಾರ್, ಕಾಮಾಲೆ ಬಂದು ಹೋಗಿಬಿಟ್ಟ. ಹೋಗಬಾರದ ವಯಸ್ಸು.

ನಾನು ಓದಿದ್ದು ನಾಲ್ಕನೇ ಕ್ಲಾಸು. ಆದರೂ ಹೇಳುತ್ತೇನೆ — ತೊಂಬತ್ತೆರಡರಲ್ಲಿ ಅವನು ವಿಡಿಯೋ ಕ್ಯಾಮೆರಾ ಕೊಂಡ ಮೇಲೆ, ಶ್ರೀರಂಗಪಟ್ಟಣದಿಂದ ನಾಗಮಂಗಲದವರೆಗೆ ಎಲ್ಲ ಮದುವೆಗಳಲ್ಲೂ, ಅದು ಮೊದಲು ನೋಡಿದ್ದು ಮದುಮಗಳನ್ನಲ್ಲ — ನನ್ನ ಪಂಚೆಯನ್ನು! ನಗಿ, ಪರವಾಗಿಲ್ಲ, ಅವನೂ ನಗುತ್ತಿದ್ದ. ಕ್ಯಾಮೆರಾಗೆ ಮೊದಲು ‘ಇದು ಬಿಳಿ’ ಎಂದು ತೋರಿಸಬೇಕು. ಆಮೇಲೇ ಅದು ಉಳಿದ ಬಣ್ಣ ಸರಿಯಾಗಿ ಹಿಡಿಯುವುದು. ಛತ್ರದಲ್ಲಿ ಒಂದು ಕಡೆ ಟ್ಯೂಬ್‌ಲೈಟು, ಇನ್ನೊಂದು ಕಡೆ ಕಿಟಕಿಯ ಬಿಸಿಲು, ಮೇಲೆ ಸೀರಿಯಲ್ ಸೆಟ್ಟು. ನಡುವೆ ನಾನು, ಪಂಚೆ ಹೀಗೆ ಹರಡಿ — ದೊರೆಯ ಹಾಗೆ.

ಕೆ.ಆರ್. ಪೇಟೆಯಲ್ಲಿ ಒಮ್ಮೆ, ಕ್ಯಾಮೆರಾಗೆ ತಗುಲಿಸಿದ ಟಿವಿಯಲ್ಲಿ ಮದುಮಗಳು ಅರಿಶಿನದ ಕೊಂಬಿನಂತೆ ಬಂದಳು. ಅವನು ನನ್ನ ಪಂಚೆ ಎಳೆದು ನೋಡಿದ. “ಮಾವ, ಅತ್ತೆ ನೀಲೀಗೆ ಅದ್ದವ್ಳೆ ಕಣ್ ಮಾವ! ನೀಲೀನೇ ಬಿಳಿ ಅಂತ ನಂಬ್ಕೊಂಬುಟ್ಟದೆ ಇದು. ಅದ್ಕೇ ಎಲ್ರುನೂವೆ ಅಳ್ದಿ ಮಾಡ್ಬುಟ್ಟದೆ!” ಅವತ್ತಿನಿಂದ ನನ್ನ ಹೆಂಡತಿ ಸೋಮಮ್ಮ ಪಂಚೆಗೆ ನೀಲಿ ಮುಟ್ಟಿಸಲಿಲ್ಲ.

ಆ ನೀಲಿಯೇ ನಮ್ಮ ಬುದ್ಧಿಗೆ ಮಂಕು ಕವಿಸಿತು.

ಕಳೆದ ತಿಂಗಳು ಕಿರಂಗೂರಿನ ಮದುವೆ. ಬಣ್ಣ ನೋಡಲು ಕ್ಯಾಮೆರಾ ಸ್ಟ್ಯಾಂಡಿಗೆ ಹಾಕಿ, ಮಂಟಪದಲ್ಲಿ ನನ್ನ ಪಕ್ಕ ಅವನೇ ಬಂದು ನಿಂತ. ಟಿವಿಯಲ್ಲಿ ಅವನ ಮುಖ ಹಳದಿ.

“ತಿರ್ಗಾ ನೀಲಿನಾ ಮಾವ?”

“ನಿಮ್ಮಪ್ಪನಾಣೆ ಇಲ್ಲ ಕಣ್ಲಾ. ಮೋರೆ ತೊಳ್ಕಂಡ್ ಬಾ, ಹೋಗ್ಲಾ.”

ಪಾಪ, ತೊಳೆದುಕೊಂಡೂ ಬಂದ.

ಟಿವಿಯಲ್ಲಿ ನನ್ನ ಪಂಚೆ ಹಾಲಿನಂತಿತ್ತು. ಕೇಳಿಸಿತೇ? ಪಂಚೆ ಬೆಳ್ಳಗೇ ಇತ್ತು — ಅವನೊಬ್ಬನೇ ಹಳದಿ. ಇಬ್ಬರೂ ನೋಡಿದೆವು. ಇಬ್ಬರಿಗೂ ಹೊಳೆಯಲಿಲ್ಲ. ಬೈದದ್ದು ಕ್ಯಾಮೆರಾವನ್ನು. ಅರಿಶಿನ ಮೆತ್ತಿದ ಟವೆಲ್ಲನ್ನೇ ಬಿಳಿ ಎಂದು ಅದಕ್ಕೆ ನಂಬಿಸಿ, ಅವನ ಮುಖ ಸರಿ ಕಾಣುವಂತೆ ಮಾಡಿಬಿಟ್ಟೆವು. ನನ್ನ ಪಂಚೆ ನೀಲಿಯಾಯಿತು. “ನೋಡ್ದಾ ಮಾವ, ನಾನೇ ಗೆದ್ದೆ” ಅಂದ.

ಕೊನೆಗೆ ಮಂಡ್ಯದ ಡಾಕ್ಟರು ಅವನನ್ನು ಕಿಟಕಿಯ ಬೆಳಕಿಗೆ ಕರೆದು, ಕಣ್ಣರೆಪ್ಪೆ ಎಳೆದು ನೋಡಿ, “ಇಷ್ಟು ದಿನ ಯಾರೂ ಗಮನಿಸಲಿಲ್ಲವೇ?” ಎಂದರು. ಗಮನಿಸಿದ್ದೆವು ಸ್ವಾಮಿ — ಕಲರ್ ಟಿವಿಯಲ್ಲಿ, ಇಷ್ಟು ದೊಡ್ಡದಾಗಿ!

ಎಲ್ಲರೂ ಸಮಾಧಾನ ಹೇಳಿದರು. ನನ್ನ ಹತ್ತಿರ ಇಲ್ಲ. ಹುಡುಕಿದೆ, ಇಲ್ಲ. ಪುಷ್ಪ, ಕಿರಂಗೂರಿನ ಟೇಪು ಬೇಕು ಅಂದಿದ್ದೀಯ. ಕೊಡುತ್ತೇನೆ. ಆದರೆ ಮಗಳೇ — ಅದರಲ್ಲಿ ಅವನು ಚೆನ್ನಾಗಿದ್ದಾನೆ. ಏನೂ ಆಗದವನ ಹಾಗೆ ನಗುತ್ತಾನೆ. ಆ ಮುಖ ನಾವು ಮಾಡಿದ್ದು. ನಂಬಬೇಡ.

ಏಳಿ, ಎಲ್ಲರೂ ಏಳಿ. ಯಾರೂ ಏನೂ ಹೇಳುವುದು ಬೇಡ. ಅವನಿಗಾಗಿ ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲೋಣ — ಈ ದ್ಯಾವಯ್ಯನೂ ಬಾಯಿ ಮುಚ್ಚುತ್ತಾನೆ.