ಎರಡು ಸಣ್ಣದು, ಒಂದು ಉದ್ದ

ಇದು ಯಾರೋ ಯಾರಿಗೋ ಹೇಳಿ ನನ್ನ ಕಿವಿಗೆ ಬಿದ್ದದ್ದಲ್ಲ. ನಮ್ಮ ದೊಡ್ಡಪ್ಪನ ಮಗಳಿಗೇ ಆಗಿದ್ದು. ಅವಳಿಗೆ ಸುಳ್ಳು ಹೇಳೋಕೆ ಬರೋದಿಲ್ಲ, ಹೇಳಿದರೆ ಕಿವಿ ಕೆಂಪಾಗುತ್ತೆ.

ರಾತ್ರಿ ಹನ್ನೊಂದೂವರೆ. ಲ್ಯಾಬಿನಿಂದ ಮನೆಗೆ ಹೊರಟಿದ್ದಳು. ಹಿಂಬದಿ ದಾರಿಯಲ್ಲಿ ಒಂದು ಹಳೇ ಬಾವಿ, ಮೇಲೆ ಕಬ್ಬಿಣದ ಜಾಲರಿ. ಅದನ್ನ ದಾಟುವಾಗ ಕೇಳಿಸಿತು.

ಸ್ಸ್… ಸ್ಸ್… ಸ್ಸ್ಸ್ಸ್ಸ್…

ನಿಂತಳು.

ಆ ಸದ್ದು ಅವಳಿಗೆ ಗೊತ್ತು. ಲ್ಯಾಬಿನಲ್ಲಿ ಅವಳಿಗೆ ಕೆಲಸ ಕಲಿಸಿದವಳನ್ನ ಎಲ್ಲರೂ ಅಕ್ಕ ಅಂತಲೇ ಕರೀತಿದ್ದರು. ತೊಳೆದ ಸಿಲಿಕಾನ್ ಚೂರನ್ನ ಚಿಮುಟದಲ್ಲಿ ಹಿಡಿದು, ನಳಿಗೆಯಿಂದ ನೈಟ್ರೋಜನ್ ಗಾಳಿ ಊದಿ ಅಕ್ಕ ಒಣಗಿಸ್ತಿದ್ದದ್ದು ಹೀಗೇ. ಎರಡು ಸಣ್ಣದು, ಒಂದು ಉದ್ದ. ಬೇರೆ ಯಾರೂ ಹಾಗೆ ಊದೋದಿಲ್ಲ.

ಅಕ್ಕ ಸತ್ತು ಹದಿನೆಂಟು ದಿನ ಆಗಿತ್ತು. ಮೂರು ದಿನದ ಜ್ವರ, ಅಷ್ಟೇ.

ನಮ್ಮ ಹುಡುಗಿ ಅತ್ತಿರಲಿಲ್ಲ. ಕಲ್ಲು ಮನಸ್ಸು ಅಂತ ಆಡಿಕೊಂಡವರೂ ಉಂಟು. ಎದ್ದಳು, ಕೆಲಸಕ್ಕೆ ಹೋದಳು, ಬಂದಳು, ಮಲಗಿದಳು… ಅಷ್ಟೇ. ಅಕ್ಕ ಬಿಟ್ಟು ಹೋದ ನಾಲ್ಕು ಚೂರು ಉಳಿದಿದ್ದವು. ಉಗುರಿನಷ್ಟಗಲ, ಕನ್ನಡಿಯಂಥವು. ಎರಡು ವರ್ಷದ ದುಡಿಮೆ ಅವುಗಳಲ್ಲಿ. ತೊಳೆದಿಟ್ಟರೆ ಬೆಳಿಗ್ಗೆ ಅಳತೆ. ಕೆಟ್ಟರೆ ಮತ್ತೆ ಮಾಡೋಕೆ ಅಕ್ಕ ಇಲ್ಲ. ಅಕ್ಕನೇ ಕಲಿಸಿದವಳು ಅಂತ ಲ್ಯಾಬಿನವರು ಇವಳ ಕೈಗೆ ಕೊಟ್ಟಿದ್ದರು.

ತೊಳೆಯೋದಕ್ಕೂ ಒಂದು ಕ್ರಮ ಇದೆ. ಮೊದಲು ಬೆಚ್ಚಗಿನ ಅಸಿಟೋನ್, ಆಮೇಲೆ ಆಲ್ಕೋಹಾಲ್, ಆಮೇಲೆ ಶುದ್ಧ ನೀರು. ಅಕ್ಕ ಹೇಳೋಳು, “ಅಸಿಟೋನ್ ಅದರ ಮೇಲೆ ಆರಬಾರದು ಕಣೇ. ಆರಿದ್ರೆ ಕಲೆ. ಅಳಿಯನ ಮುನಿಸಿನ ಹಾಗೆ, ಏನು ಮಾಡಿದ್ರೂ ಹೋಗಲ್ಲ.”

ಬಾವಿ ಪಕ್ಕ ನಿಂತವಳಿಗೆ, ಅಸಿಟೋನ್ ಬೀಕರಿಗೆ ಚೂರು ಹಾಕಿ ಹಾಟ್‌ಪ್ಲೇಟ್ ಮೇಲಿಟ್ಟದ್ದು ನೆನಪಾಯಿತು. ಇಳಿಸಿದ್ದು… ನೆನಪಾಗಲಿಲ್ಲ.

ಆ ಅಸಿಟೋನ್ ಹೊತ್ತಿಕೊಂಡರೆ ಇಡೀ ಮಹಡಿ ಹೋಗುತ್ತೆ. ಓಡಬೇಕಿತ್ತು. ಕಾಲು ಓಡಲಿಲ್ಲ. ವಾಪಸ್ ಲ್ಯಾಬಿಗೆ ನಡೆದಳು.

ಗೇಟಿನಲ್ಲಿ ಕಾವಲಿನ ಮುದುಕ ಕೇಳಿದ, “ಏನಮ್ಮಾ, ಮರೆತು ಹೋದ್ರಾ ಏನಾದ್ರೂ?”

“ಮೇಲೆ ಯಾರಾದ್ರೂ ಇದಾರಾ?”

“ಯಾರಿದಾರೆ? ಕೊನೆಗೆ ಇಳಿದವರು ನೀವೇ.”

ಬೀಗ ತೆಗೆದಳು. ಕಟಕ್. ಒಳಗೆ ಕತ್ತಲು. ಹೊಗೆ ಎಳೆಯೋ ಫ್ಯಾನು ಗುಂಯ್ ಅಂತಿತ್ತು. ದೀಪ ಹಾಕಿದಳು.

ಹಾಟ್‌ಪ್ಲೇಟ್ ಆಫ್ ಆಗಿತ್ತು. ಹತ್ತಿರ ಕೈ ಹಿಡಿದರೆ ಇನ್ನೂ ಬಿಸಿ. ಬೀಕರು ತೊಳೆದು ಬೋರಲು ಹಾಕಿತ್ತು. ಅದರ ಅಂಚಿಂದ ತೊಟ್… ತೊಟ್… ನಾಲ್ಕು ಚೂರೂ ಡಬ್ಬಿಯೊಳಗೆ ತಮ್ಮ ತಮ್ಮ ಕುಳಿಯಲ್ಲಿ ಕೂತಿದ್ದವು, ಒಣಗಿ, ಫಳಫಳ.

ಬೆನ್ನ ಹಿಂದೆ… ಸ್ಸ್. ಸ್ಸ್. ಸ್ಸ್ಸ್ಸ್ಸ್…

ತಿರುಗಲಿಲ್ಲ. ಹೆದರಿಕೆ ಬರಬೇಕಿತ್ತು, ಅದೂ ಬರಲಿಲ್ಲ.

“ಅಕ್ಕಾ?”

“ಹ್ಞೂಂ.”

ಏನು ಕೇಳೋದು? “ಊಟ ಆಯ್ತಾ?” ಅಂದಳು. ಸತ್ತವಳನ್ನ ಯಾರಾದರೂ ಹಾಗೆ ಕೇಳ್ತಾರಾ? ಬಾಯಿಗೆ ಬಂದದ್ದು ಅದೇ.

ಆಮೇಲೆ ಕಿವಿ ಹತ್ತಿರವೇ, ಪಿಸುಮಾತಿನಲ್ಲಿ: “ನೀನು ಉಂಡಿಲ್ಲ. ಹೋಗು ಮನೆಗೆ.”

ಹೋದಳು. ದೊಡ್ಡಮ್ಮ ಕಾಯ್ತಾ ಕೂತಿದ್ದರು. ಬಡಿಸಿದ್ದನ್ನ ಉಂಡು, ಇನ್ನೊಂದು ಸಲ ಕೇಳಿ ಹಾಕಿಸಿಕೊಂಡಳು. ಮಾರನೇ ದಿನ ಒಂಬತ್ತರವರೆಗೆ ಮಲಗಿದಳು.

ಲ್ಯಾಬಿನವರು ಮೈಕ್ರೋಸ್ಕೋಪಿನಲ್ಲಿ ನೋಡಿದರು. ನಾಲ್ಕರಲ್ಲೂ ಒಂದೇ ಒಂದು ಕಲೆ ಇಲ್ಲ. “ಅಕ್ಕನ ಕೈಗುಣ ನಿನಗೂ ಬಂದುಬಿಡ್ತು” ಅಂದರು. ಇವಳು ತಲೆ ಆಡಿಸಿ ಅಳತೆಗೆ ಕೂತಳು.

ಮೈಮೇಲೆ ಎಚ್ಚರ ಇಲ್ಲದೆ ತಾನೇ ತೊಳೆದಿಟ್ಟು ಬಂದಿರಬೇಕು ಅಂತೀರಿ. ಅವಳೂ ಹಾಗೇ ಅಂದುಕೊಳ್ಳೋಕೆ ನೋಡಿದಳಂತೆ. ಆದರೆ ಆ ರಾತ್ರಿ ವಾಪಸ್ ಬೀಗ ಹಾಕೋ ಮುಂಚೆ ಕಸದ ಡಬ್ಬಿಗೆ ಬಗ್ಗಿ ನೋಡಿದ್ದಳು. ಸಂಜೆ ಅವಳೇ ಹೊಸ ಚೀಲ ಹಾಕಿದ್ದು. ತೊಳೆಯೋವಾಗ ಹಾಕೋ ಅವಳ ಗ್ಲೌಸು ಅವಳ ಜೇಬಲ್ಲೇ ಇತ್ತು. ಚೀಲದ ತಳದಲ್ಲಿ ಇನ್ನೊಂದು ಜೊತೆ ಬಿದ್ದಿತ್ತು, ಒಳಮಗ್ಗಲು ಹೊರಗೆ ಮಾಡಿ ಬಿಚ್ಚಿದ್ದು. ಕೈ ಹಾಕಿ ಮುಟ್ಟಿದಳು.

ನಂಬೋದು ಬಿಡೋದು ನಿಮಗೆ ಸೇರಿದ್ದು. ನಡೆದದ್ದು ನಡೆದದ್ದೇ. ಬೆವರಿಗೆ ಒದ್ದೆಯಾಗಿದ್ದವು… ಬೆಚ್ಚಗೂ ಇದ್ದವು.